ಎಕ್ಸ್‌ರೇಯಲ್ಲಿ ಕಪ್ಪಗೆ ಕಂಡ ಎರಡು ಹಲ್ಲು, ಬೆಳ್ಳಗೆ ಕಂಡ ಒಂದು ಹಲ್ಲು

ಕಳೆದ ವರ್ಷ ಜೂನ್ ತಿಂಗಳು. ಮಳೆ ಹಿಡಿದು ನಾಲ್ಕೈದು ದಿನ ಆಗಿತ್ತು. ಐವತ್ತು ದಾಟಿದ ಒಬ್ಬ ಹೆಂಗಸು ನನ್ನ ಕ್ಲಿನಿಕ್ಕಿಗೆ ಬಂದರು. ಶಿವಮೊಗ್ಗ ಜಿಲ್ಲೆಯ ಹಳ್ಳಿಯವರು, ಅಂಗನವಾಡಿಯಲ್ಲಿ ಕೆಲಸ. ಕೈಯಲ್ಲಿ ಫೋನು, ಫೋನಿನಲ್ಲಿ ಮೂರು ಹಲ್ಲಿನ ಎಕ್ಸ್‌ರೇ ಫೋಟೊ. ಬೇರೆ ಊರಿನ ಒಂದು ಕ್ಲಿನಿಕ್ಕಿನಲ್ಲಿ ತೆಗೆಸಿದ್ದು.

"ಎರಡು ಫಿಲ್ಲಿಂಗ್ ಅಡಿಯಲ್ಲಿ ಹುಳುಕಾಗಿದೆ ಅಂದ್ರು ಡಾಕ್ಟ್ರೇ. ಎರಡಕ್ಕೂ ರೂಟ್ ಕೆನಾಲ್ ಮಾಡಿ ಕ್ಯಾಪ್ ಹಾಕಬೇಕಂತೆ. ಮೂರನೇದು ಚೆನ್ನಾಗಿದೆ, ಮುಟ್ಟೋದು ಬೇಡ ಅಂದ್ರು. ಆದ್ರೆ ನಂಗೆ ತೊಂದ್ರೆ ಇರೋದು ಆ ಮೂರನೇದ್ರಲ್ಲೇ."

ಈ ಕೊನೆಯ ಮಾತು ಕೇಳಿದ ಮೇಲೆ ನಾನು ಕುರ್ಚಿ ಎಳೆದುಕೊಂಡು ಕೂತೆ. ಆ ದಿನದಿಂದ ಈ ವರ್ಷ ಜುಲೈ ತನಕ ನಡೆದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಅವರನ್ನು ಕೇಳಿಯೇ ಬರೆಯುತ್ತಿದ್ದೇನೆ, ಹೆಸರು ಬೇಡ ಅಂದರು, ಹಾಗಾಗಿ ಹೆಸರಿಲ್ಲ.

ಮೊದಲು ಮೂರು ಹಲ್ಲು ಯಾವುವು ಅಂತ ಹೇಳಿಬಿಡುತ್ತೇನೆ. ಒಂದು, ಮೇಲಿನ ಸಾಲಿನ ಮುಂದಿನ ಎರಡು ದೊಡ್ಡ ಹಲ್ಲುಗಳಲ್ಲಿ ಬಲಗಡೆಯದು. ಅದಕ್ಕೆ ಫಿಲ್ಲಿಂಗ್ ಮಾಡಿದ್ದು 1991ರಲ್ಲಿ, ಅವರ ಮದುವೆಗೆ ಮುಂಚೆ. ಎರಡು, ಕೆಳಗಿನ ಎಡ ದವಡೆಯ ಮೊದಲ ದೊಡ್ಡ ಹಲ್ಲು. ಅಲ್ಲಿ ಹಲ್ಲಿನ ಬಣ್ಣದ ಫಿಲ್ಲಿಂಗ್, ಮೂರು ವರ್ಷದ ಹಿಂದಿನದು. ಮೂರು, ಕೆಳಗಿನ ಬಲ ದವಡೆಯ ಮೊದಲ ದೊಡ್ಡ ಹಲ್ಲು. ಅದರಲ್ಲಿ ನಮ್ಮ ಕಡೆ ಜನ 'ಬೆಳ್ಳಿ ತುಂಬಿದ್ದು' ಅನ್ನುವ ಅಮಾಲ್ಗಮ್, ಯಾವಾಗ ಹಾಕಿಸಿದ್ದು ಅಂತ ಅವರಿಗೂ ಸರಿಯಾಗಿ ನೆನಪಿಲ್ಲ. ಊಟ ಮಾಡಿದರೆ ಅಲ್ಲಿ ಅನ್ನ ಸಿಕ್ಕಿಕೊಳ್ಳುತ್ತದೆ, ಬೆಲ್ಲ ತಿಂದರೆ ಜುಂ ಅನ್ನುತ್ತದೆ.

ಫೋನಿನಲ್ಲಿದ್ದದ್ದು ಕಂಪ್ಯೂಟರ್ ಪರದೆಯನ್ನು ಮೊಬೈಲಿನಲ್ಲಿ ಹೊಡೆದ ಫೋಟೊ. ಇಂಥ ಫೋಟೊ ನೋಡಿ ನಾನು ಯಾವತ್ತೂ ತೀರ್ಮಾನ ಹೇಳುವುದಿಲ್ಲ. ಫೋನು ತನ್ನಷ್ಟಕ್ಕೆ ಬೆಳಕು ಏರಿಸುತ್ತದೆ, ಕಪ್ಪನ್ನು ಇನ್ನೂ ಕಪ್ಪು ಮಾಡುತ್ತದೆ. ಆ ಕ್ಲಿನಿಕ್ಕಿಗೆ ಫೋನ್ ಮಾಡಿ ಮೂಲ ಚಿತ್ರ ಕೇಳಿದೆ. ಹತ್ತೇ ನಿಮಿಷಕ್ಕೆ ಕಳಿಸಿದರು, ಒಂದು ಮಾತೂ ಅಡ್ಡ ಆಡಲಿಲ್ಲ. ಅಲ್ಲಿನ ಡಾಕ್ಟರ್ ಚಿಕ್ಕ ವಯಸ್ಸಿನವರು, ಮೋಸ ಮಾಡುವ ಪೈಕಿ ಅಲ್ಲ ಅಂತ ಅವರ ಮಾತಿನಲ್ಲೇ ಗೊತ್ತಾಯಿತು. ಕಪ್ಪು ಕಂಡಿತು, ಹುಳುಕು ಅಂದುಕೊಂಡರು. ನಾವು ಕಾಲೇಜಿನಲ್ಲಿ ಕಲಿಯುವುದೂ ಹಾಗೇ ಅಲ್ವಾ, ಹಲ್ಲಿನ ಒಳಗೆ ಕಪ್ಪು ಅಂದರೆ ಹುಳುಕು.

ಎಕ್ಸ್‌ರೇ ಚಿತ್ರ ಅಂದರೆ ಒಂದು ನೆರಳು. ಕಿರಣವನ್ನು ಜಾಸ್ತಿ ತಡೆದದ್ದು ಬೆಳ್ಳಗೆ ಕಾಣುತ್ತದೆ, ದಾಟಲು ಬಿಟ್ಟದ್ದು ಕಪ್ಪಗೆ ಕಾಣುತ್ತದೆ. ಹುಳುಕಾದ ಜಾಗದಲ್ಲಿ ಕ್ಯಾಲ್ಸಿಯಂ, ರಂಜಕ ಕರಗಿ ಹೋಗಿರುತ್ತವೆ, ಅದಕ್ಕೇ ಅಲ್ಲಿ ಕಪ್ಪು. ಆದರೆ ಆ ಗುಳಿಯಲ್ಲಿ ನಾವು ತುಂಬಿದ ವಸ್ತುವೇ ಕಿರಣ ಬಿಟ್ಟುಕೊಡುವಂಥದ್ದಾಗಿದ್ದರೆ? ಆಗಲೂ ಕಪ್ಪೇ. ಒಳಗೆ ಗಟ್ಟಿ ಫಿಲ್ಲಿಂಗ್ ಕೂತಿರುತ್ತದೆ, ಚಿತ್ರದಲ್ಲಿ ಮಾತ್ರ ತೂತು ಕಾಣುತ್ತದೆ.

ಯಾವ ವಸ್ತು ಎಷ್ಟು ತಡೆಯುತ್ತದೆ ಅನ್ನುವುದು ಅದರೊಳಗಿನ ಪರಮಾಣುಗಳ ಮೇಲೆ ನಿಂತಿದೆ. ಹಲ್ಲಿನ ಎಕ್ಸ್‌ರೇ ಯಂತ್ರ 60–70 ಕಿಲೋವೋಲ್ಟ್ ಆಸುಪಾಸಿನಲ್ಲಿ ಕೆಲಸ ಮಾಡುತ್ತದೆ. ಈ ಮಟ್ಟದಲ್ಲಿ ಪರಮಾಣು ಸಂಖ್ಯೆ ಎರಡು ಪಟ್ಟಾದರೆ ತಡೆಯುವ ಶಕ್ತಿ ಸುಮಾರು ಎಂಟು ಪಟ್ಟಾಗುತ್ತದೆ. ಹಾಗಾಗಿ ಸಣ್ಣ ವ್ಯತ್ಯಾಸವೂ ಚಿತ್ರದಲ್ಲಿ ಎದ್ದು ಕಾಣುತ್ತದೆ. ಹಲ್ಲಿನಲ್ಲಿರುವ ಕ್ಯಾಲ್ಸಿಯಂ ಸಂಖ್ಯೆ 20. ಹಲ್ಲಿನ ಬಣ್ಣದ ಫಿಲ್ಲಿಂಗ್‌ನ ರಾಳದಲ್ಲಿ, ಅಂದರೆ ಪ್ಲಾಸ್ಟಿಕ್‌ನಂಥ ಅಂಟಿನಲ್ಲಿ, ಇರುವ ಇಂಗಾಲ 6, ಆಮ್ಲಜನಕ 8, ಇವು ಕಿರಣಕ್ಕೆ ಲೆಕ್ಕಕ್ಕೇ ಇಲ್ಲ. ಅಮಾಲ್ಗಮ್‌ನಲ್ಲಿರುವ ಬೆಳ್ಳಿ 47, ತವರ 50, ಪಾದರಸ 80. ಅದಕ್ಕೇ ಅಮಾಲ್ಗಮ್ ಸುಣ್ಣ ಬಳಿದ ಹಾಗೆ ಕಾಣುತ್ತದೆ, ಅದರ ಹಿಂದೆ ಮುಂದೆ ಏನಿದೆ ಅಂತ ಕಾಣುವುದೇ ಇಲ್ಲ.

ಈಗ ಮುಂದಿನ ಹಲ್ಲಿಗೆ ಬರುತ್ತೇನೆ.

ಚಿತ್ರದಲ್ಲಿ ಕಂಡದ್ದು ಹಲ್ಲಿನ ಪಕ್ಕದಲ್ಲಿ, ಎರಡು ಹಲ್ಲು ತಾಗುವ ಕಡೆ, ಅರ್ಧ ಚಂದ್ರದ ಆಕಾರದ ಕಪ್ಪು. ಮೇಲ್ನೋಟಕ್ಕೆ ದೊಡ್ಡ ಹುಳುಕು. ನಾನು ಚಿತ್ರವನ್ನು ದೊಡ್ಡದು ಮಾಡಿ ಅದರ ಅಂಚು ನೋಡಿದೆ. ಅಂಚು ಪೆನ್ಸಿಲಿನಲ್ಲಿ ಗೆರೆ ಎಳೆದ ಹಾಗೆ ಚೊಕ್ಕವಾಗಿತ್ತು. ಹುಳುಕು ಹೀಗೆ ನೀಟಾಗಿ ಕೊರೆಯುವುದಿಲ್ಲ. ಅದು ನೀರು ಬಿದ್ದ ಕಾಗದದ ಕಲೆಯ ಹಾಗೆ ಹಬ್ಬುತ್ತದೆ, ಎಲ್ಲಿ ಮುಗಿಯಿತು ಅಂತ ಬೆರಳಿಟ್ಟು ತೋರಿಸಲು ಆಗುವುದಿಲ್ಲ. ಈ ಅರ್ಧ ಚಂದ್ರ ಡ್ರಿಲ್‌ನಿಂದ ಒಬ್ಬ ಮನುಷ್ಯ ಮಾಡಿದ ಆಕಾರ. ಒಳಗಿನ ಮೂಲೆಗಳು ದುಂಡಗೆ, ಎರಡೂ ಕಡೆ ಸಮ.

ಆಮೇಲೆ ಬಾಯಿ ತೆಗೆಸಿ ನೋಡಿದೆ. ಫಿಲ್ಲಿಂಗ್ ಇತ್ತು! ಹಳದಿ ತಿರುಗಿತ್ತು, ಅಂಚಿನಲ್ಲಿ ಕಂದು ಗೆರೆ ಇತ್ತು. ಆದರೆ ಅಲುಗಾಡಲಿಲ್ಲ, ಸಂದು ಬಿಟ್ಟಿರಲಿಲ್ಲ. ಕಂದು ಗೆರೆ ಎಲೆ ಅಡಿಕೆಯದು. ಹಬ್ಬ ಹರಿದಿನ, ಮದುವೆ ಮುಂಜಿಯಲ್ಲಿ ಹಾಕುತ್ತೇನೆ ಅಂದರು, ಆದರೆ ಮಲೆನಾಡಿನಲ್ಲಿ ತಿಂಗಳಿಗೆ ನಾಲ್ಕು ಮದುವೆ ಇರುವ ಕಾಲವೂ ಇರುತ್ತದೆ. ಪಾಲಿಶ್ ಮಾಡುವ ರಬ್ಬರ್ ಕಪ್ ಹಿಡಿದ ಕೂಡಲೇ ಮುಕ್ಕಾಲು ಪಾಲು ಕಲೆ ಹೋಯಿತು. ಹಲ್ಲಿನ ಹಿಂದಿನಿಂದ ಸಣ್ಣ ಬೆಳಕು ಬಿಟ್ಟೆ. ಹುಳುಕಿದ್ದರೆ ಆ ಜಾಗ ಮಬ್ಬಾಗಿ ಕಪ್ಪಿಡಬೇಕು. ಇಲ್ಲಿ ಬೆಳಕು ಜೇನಿನ ಬಣ್ಣದಲ್ಲಿ ಸಲೀಸಾಗಿ ದಾಟಿತು. ಹತ್ತಿಗೆ ತಣ್ಣನೆ ಸ್ಪ್ರೇ ಹೊಡೆದು ಹಲ್ಲಿಗೆ ತಾಗಿಸಿದೆ. ಪಕ್ಕದ ಹಲ್ಲಿಗೆ ಹೇಗೆ ತಣ್ಣಗಾಯಿತೋ ಇದಕ್ಕೂ ಹಾಗೇ ಆಯಿತು, ತೆಗೆದ ಕೂಡಲೇ ಹೋಯಿತು. ಅಂದರೆ ಒಳಗಿನ ನರ ಜೀವಂತವಾಗಿದೆ, ಆರೋಗ್ಯವಾಗಿದೆ. ಈ ಹಲ್ಲಿಗೆ ರೂಟ್ ಕೆನಾಲ್ ಯಾಕೆ?

ಆದರೂ ನನಗೊಂದು ಸಾಕ್ಷಿ ಬೇಕಿತ್ತು. ಇದು ಯಾವ ವಸ್ತು? 1991ರ ಕೇಸ್ ಪೇಪರ್ ಯಾರ ಹತ್ತಿರ ಇರುತ್ತದೆ. ಫಿಲ್ಲಿಂಗ್ ಹಾಕಿದ ಡಾಕ್ಟರ್ ತೀರಿಕೊಂಡು ಹತ್ತು ವರ್ಷದ ಮೇಲಾಗಿದೆ. ಸುಮ್ನೆ ಕೇಳೋಣ ಅಂತ ಕೇಳಿದೆ: ಹಾಕುವಾಗ ಏನು ಮಾಡಿದರು, ನೆನಪಿದೆಯಾ? ಅವರಿಗೆ ಕಣ್ಣಿಗೆ ಕಟ್ಟಿದ ಹಾಗೆ ನೆನಪಿತ್ತು. "ಎರಡು ಪುಟ್ಟ ಡಬ್ಬಿಯಿಂದ ಒಂದೊಂದು ಚೂರು ತೆಗೆದು ಕಾಗದದ ಮೇಲೆ ಪ್ಲಾಸ್ಟಿಕ್ ಕಡ್ಡಿಯಲ್ಲಿ ಕಲಸಿದ್ರು. ಹಲ್ಲಿಗೆ ಹಾಕಿ ಒಂದು ಪಟ್ಟಿ ಎಳೆದು ಹಿಡ್ಕೊಂಡು ಕೂತಿದ್ರು. ನಂಗೆ ಬಾಯಿ ನೋವು ಬಂದಿತ್ತು." ಈಗಿನ ಫಿಲ್ಲಿಂಗ್ ಗಟ್ಟಿಯಾಗಿಸಲು ಹಿಡಿಯುವ ನೀಲಿ ಲೈಟ್ ಹಿಡಿದರಾ? ಇಲ್ಲ, ಲೈಟ್ ಗೀಟ್ ಏನೂ ಇರಲಿಲ್ಲ.

ಇಷ್ಟು ಸಾಕಾಯಿತು. ಎರಡು ಪೇಸ್ಟ್ ಕಲಸಿ ಗಟ್ಟಿಯಾಗಲು ಬಿಡುವ ಹಳೆಯ ಕಾಲದ ಕಾಂಪೋಸಿಟ್, ಅಂದರೆ ಹಲ್ಲಿನ ಬಣ್ಣದ ಫಿಲ್ಲಿಂಗ್ ಅದು. ಅಮೆರಿಕದ ರಫೇಲ್ ಬೋವನ್ ಬಿಸ್-ಜಿಎಂಎ ಎಂಬ ರಾಳಕ್ಕೆ ಪೇಟೆಂಟ್ ಪಡೆದದ್ದು 1962ರಲ್ಲಿ. ಇವತ್ತು ನಾವು ಹಾಕುವ ಬಹಳಷ್ಟು ಹಲ್ಲಿನ ಬಣ್ಣದ ಫಿಲ್ಲಿಂಗ್‌ಗಳ ಮೂಲ ಅದೇ. ಮೊದಮೊದಲು ಆ ರಾಳಕ್ಕೆ ಗಟ್ಟಿತನ ಬರಲಿ ಅಂತ ಬೆರೆಸುತ್ತಿದ್ದದ್ದು ಸ್ಫಟಿಕ ಶಿಲೆಯ ಪುಡಿ, ಅಂದರೆ ಕ್ವಾರ್ಟ್ಜ್. ಅದರಲ್ಲಿರುವುದು ಸಿಲಿಕಾನ್, ಸಂಖ್ಯೆ 14. ಹಲ್ಲಿನ ಕ್ಯಾಲ್ಸಿಯಂಗಿಂತ ಹಗುರ. ಹಾಗಾಗಿ ಫಿಲ್ಲಿಂಗ್ ಕಲ್ಲಿನ ಹಾಗೆ ಗಟ್ಟಿ ಇದ್ದರೂ ಎಕ್ಸ್‌ರೇಯಲ್ಲಿ ತೂತಿನ ಹಾಗೆ ಕಾಣುತ್ತಿತ್ತು. ಆಮೇಲೆ ಕಂಪನಿಗಳು ಬೇರಿಯಂ, ಸ್ಟ್ರಾನ್ಷಿಯಂ, ಜಿರ್ಕೋನಿಯಂ ಇರುವ ಗಾಜಿನ ಪುಡಿ ಬೆರೆಸಲು ಶುರು ಮಾಡಿದವು. ಕೆಲವು ಇಟರ್ಬಿಯಂ ಫ್ಲೋರೈಡ್ ಸೇರಿಸುತ್ತವೆ. ಬೇರಿಯಂ 56, ಇಟರ್ಬಿಯಂ 70. ಅದಾದ ಮೇಲೆ ಹಲ್ಲಿನ ಬಣ್ಣದ ಫಿಲ್ಲಿಂಗ್ ಎಕ್ಸ್‌ರೇಯಲ್ಲೂ ಬೆಳ್ಳಗೆ ಕಾಣಲು ಶುರುವಾಯಿತು. ಹಳದಿ ತಿರುಗಿದ್ದಕ್ಕೂ ಕಾರಣ ಸಿಕ್ಕಿತು. ಕಲಸಿ ಹಾಕುವ ಆ ಪೇಸ್ಟ್‌ಗಳಲ್ಲಿ ಗಟ್ಟಿಯಾಗಿಸಲು ಬಳಸುವ ಅಮೈನ್ ಎಂಬ ರಾಸಾಯನಿಕ ವರ್ಷ ಕಳೆದ ಹಾಗೆ ಹಳದಿ ಬಿಡುತ್ತದೆ.

ಇದನ್ನೆಲ್ಲ ಬಾಯಲ್ಲಿ ಹೇಳಿದರೆ ಅವರಿಗೆ ನಂಬಿಕೆ ಬರುವುದು ಕಷ್ಟ. ಒಬ್ಬ ಡಾಕ್ಟರ್ ಹುಳುಕು ಅಂದಿದ್ದಾರೆ, ಇನ್ನೊಬ್ಬರು ಅಲ್ಲ ಅನ್ನುತ್ತಿದ್ದಾರೆ, ಯಾರನ್ನು ನಂಬಬೇಕು? ಅದಕ್ಕೆ ನನ್ನ ಹತ್ತಿರ ಒಂದು ಸಾಮಾನು ಇದೆ. ಹಾರ್ಡ್‌ವೇರ್ ಅಂಗಡಿಯಲ್ಲಿ 1 ಮಿ.ಮೀ. ದಪ್ಪದ ಅಲ್ಯೂಮಿನಿಯಂ ತಗಡು ಸಿಗುತ್ತದೆ. ಅದನ್ನು ಬೆರಳಗಲ ಕತ್ತರಿಸಿ, ಒಂದರ ಮೇಲೆ ಒಂದು ಸ್ವಲ್ಪ ಸ್ವಲ್ಪ ಹಿಂದಕ್ಕೆ ಸರಿಸಿ ಅಂಟಿಸಿ, ಐದು ಮೆಟ್ಟಿಲು ಮಾಡಿಕೊಂಡಿದ್ದೇನೆ: 1, 2, 3, 4, 5 ಮಿ.ಮೀ. ಪ್ರಯೋಗಾಲಯದಲ್ಲಿ ಬಳಸುವ ಅಲ್ಯೂಮಿನಿಯಂ ಕನಿಷ್ಠ 98% ಶುದ್ಧ ಇರಬೇಕು, ನನ್ನದು ಅಷ್ಟು ಶುದ್ಧ ಅಂತ ಹೇಳಲಾರೆ. ಆದರೆ ಕಣ್ಣಿಗೆ ಹೋಲಿಸಿ ತೋರಿಸಲು ಧಾರಾಳ ಸಾಕು.

ಅಲ್ಯೂಮಿನಿಯಂ ಯಾಕೆ ಅಂದರೆ, ಫಿಲ್ಲಿಂಗ್ ಎಷ್ಟು ಬೆಳ್ಳಗೆ ಕಾಣುತ್ತದೆ ಎಂದು ಅಳೆಯಲು ಪ್ರಪಂಚದಲ್ಲೆಲ್ಲ ಬಳಸುವ ಅಳತೆಗೋಲು ಅದೇ. ಒಂದು ಮಿ.ಮೀ. ದಪ್ಪದ ವಸ್ತು ಎಷ್ಟು ಮಿ.ಮೀ. ಅಲ್ಯೂಮಿನಿಯಂಗೆ ಸಮ ಅಂತ ನೋಡುತ್ತಾರೆ. ಹಲ್ಲಿನ ಒಳಪದರ ಡೆಂಟಿನ್ ಸುಮಾರು 1 ಮಿ.ಮೀ. ಅಲ್ಯೂಮಿನಿಯಂಗೆ ಸಮ. ಹೊರಗಿನ ಎನಾಮೆಲ್ ಸುಮಾರು 2ಕ್ಕೆ ಸಮ. ಕಾಂಪೋಸಿಟ್‌ಗಳಿಗೆ ಐಎಸ್‌ಒ 4049 ಅಂತ ಒಂದು ಅಂತರರಾಷ್ಟ್ರೀಯ ನಿಯಮ ಇದೆ. ಎಕ್ಸ್‌ರೇಯಲ್ಲಿ ಕಾಣುತ್ತದೆ ಅಂತ ಕಂಪನಿ ಹೇಳಿಕೊಳ್ಳುವುದಾದರೆ, ಅದು ಕನಿಷ್ಠ ಅಷ್ಟೇ ದಪ್ಪದ ಅಲ್ಯೂಮಿನಿಯಂನಷ್ಟು ತಡೆಯಬೇಕು ಎನ್ನುತ್ತದೆ ಅದು. ಗಮನಿಸಿ, ಇದು ಕನಿಷ್ಠ ಮಟ್ಟ. ಬರೀ ಅಷ್ಟೇ ಇದ್ದರೆ ಫಿಲ್ಲಿಂಗೂ ಡೆಂಟಿನ್ನೂ ಒಂದೇ ಬಣ್ಣದಲ್ಲಿ ಬೆರೆತು ಹೋಗುತ್ತವೆ, ಫಿಲ್ಲಿಂಗ್ ಎಲ್ಲಿದೆ ಅಂತ ಗೊತ್ತಾಗುವುದಿಲ್ಲ. ಎನಾಮೆಲ್‌ಗಿಂತ ಸ್ವಲ್ಪ ಜಾಸ್ತಿ ಬೆಳ್ಳಗಿದ್ದರೆ ಅಂಚು ಚೆನ್ನಾಗಿ ಕಾಣುತ್ತದೆ. ಬೇರಿನ ಕಾಲುವೆ ತುಂಬುವ ಸೀಲರ್‌ಗೆ ಐಎಸ್‌ಒ 6876 ಪ್ರಕಾರ ಕನಿಷ್ಠ 3 ಮಿ.ಮೀ. ಬೇಕು, ಯಾಕೆಂದರೆ ಅದು ದವಡೆ ಮೂಳೆಯ ನೆರಳಿನ ನಡುವೆಯೂ ಎದ್ದು ಕಾಣಬೇಕು.

ಹಿಂದೆ ಕಿತ್ತ ಹಲ್ಲೊಂದರಿಂದ ಕೊಯ್ದಿಟ್ಟ ಒಂದು ಮಿ.ಮೀ. ಬಿಲ್ಲೆ ನನ್ನ ಹತ್ತಿರ ಇತ್ತು, ಅದರಲ್ಲಿ ಎನಾಮೆಲ್ಲೂ ಇದೆ, ಡೆಂಟಿನ್ನೂ ಇದೆ. ಈಗಿನ ಕಾಂಪೋಸಿಟ್‌ನ ಒಂದು ಬಿಲ್ಲೆ, ಅಮಾಲ್ಗಮ್‌ನ ಒಂದು ಬಿಲ್ಲೆ, ಮತ್ತೆ ಹಲ್ಲಿನ ಸೆಟ್ ಮಾಡುವ ಗುಲಾಬಿ ಬಣ್ಣದ ಅಕ್ರಿಲಿಕ್ ಪ್ಲಾಸ್ಟಿಕ್‌ನ ಒಂದು ಬಿಲ್ಲೆ. ಎಲ್ಲವನ್ನೂ ಮೆಟ್ಟಿಲಿನ ಪಕ್ಕ, ಎಕ್ಸ್‌ರೇ ಚಿತ್ರ ಹಿಡಿಯುವ ಸೆನ್ಸರ್ ಮೇಲೆ ಇಟ್ಟೆ. ಅವರನ್ನು ಹೊರಗೆ ಕೂರಿಸಿ ಒಂದು ಎಕ್ಸ್‌ರೇ ಹೊಡೆದು ಒಳಗೆ ಕರೆದೆ. ಪರದೆಯಲ್ಲಿ ಅಕ್ರಿಲಿಕ್ ಇದ್ದ ಜಾಗ ಹೆಚ್ಚುಕಡಿಮೆ ಖಾಲಿ! ಮಬ್ಬು ನೆರಳು ಅಷ್ಟೇ. ಅವರು ಸೆನ್ಸರ್ ಮೇಲೆ ಇನ್ನೂ ಕೂತಿದ್ದ ಗುಲಾಬಿ ಬಿಲ್ಲೆಯನ್ನು ಬೆರಳಲ್ಲಿ ಮುಟ್ಟಿ ನೋಡಿದರು, ಮತ್ತೆ ಪರದೆ ನೋಡಿದರು. "ಇಲ್ಲೇ ಇದೆ, ಆದ್ರೆ ಅಲ್ಲಿ ಇಲ್ಲ" ಅಂದರು. ಡೆಂಟಿನ್ ಮೊದಲ ಮೆಟ್ಟಿಲಿನ ಬಣ್ಣದಲ್ಲಿತ್ತು, ಎನಾಮೆಲ್ ಎರಡನೆಯದರ ಹತ್ತಿರ. ಹೊಸ ಕಾಂಪೋಸಿಟ್ ಎನಾಮೆಲ್‌ಗಿಂತ ಬೆಳ್ಳಗಿತ್ತು. ಅಮಾಲ್ಗಮ್ ಐದನೇ ಮೆಟ್ಟಿಲನ್ನೂ ಮೀರಿ ಬರೀ ಬಿಳಿ. ಅವರ ಮುಂದಿನ ಹಲ್ಲಿನಲ್ಲಿ ಆಗಿರುವುದೂ ಆ ಗುಲಾಬಿ ಬಿಲ್ಲೆಗೆ ಆಗಿದ್ದೇ ಅಂತ ಹೇಳಿದೆ. ತಲೆ ಆಡಿಸಿದರು. ಆ ಹಲ್ಲಿನ ಲೆಕ್ಕ ಅಲ್ಲಿಗೆ ಮುಗಿಯಿತು. ಪಾಲಿಶ್ ಮಾಡಿದೆ, ಬಿಟ್ಟೆ.

ಎಡ ದವಡೆಯ ಹಲ್ಲು ಇಷ್ಟು ಸುಲಭ ಇರಲಿಲ್ಲ, ಇಲ್ಲಿ ನನಗೂ ಅನುಮಾನ ಇತ್ತು, ಅದನ್ನು ಅವರಿಗೆ ಹಾಗೇ ಹೇಳಿದೆ.

ಅಲ್ಲಿ ಫಿಲ್ಲಿಂಗ್ ಬೆಳ್ಳಗೇ ಕಾಣುತ್ತಿತ್ತು, ಹೊಸ ಕಾಲದ ಕಾಂಪೋಸಿಟ್. ಅದರ ಅಡಿಯಲ್ಲಿ, ಫಿಲ್ಲಿಂಗ್ ಮತ್ತು ಡೆಂಟಿನ್ ನಡುವೆ ಒಂದು ತೆಳು ಕಪ್ಪು ಗೆರೆ. ಒಳಮೂಲೆಯಲ್ಲಿ ಆ ಗೆರೆ ಸ್ವಲ್ಪ ದಪ್ಪವಾಗಿ ಎಳ್ಳಿನ ಕಾಳಿನಷ್ಟು ಗುಂಡಗಾಗಿತ್ತು. ಇದನ್ನೇ ಹುಳುಕು ಅಂದಿದ್ದರು.

ಇಂಥ ಗೆರೆಗೆ ಕಾರಣ ಹಲವು. ಒಂದು ಕಾರಣ ನಮ್ಮ ಕಣ್ಣು. ತುಂಬ ಬೆಳ್ಳಗಿನ ಜಾಗಕ್ಕೆ ತಾಗಿ ಬೂದು ಬಣ್ಣ ಇದ್ದರೆ, ಗಡಿಯಲ್ಲಿ ಇಲ್ಲದ ಕಪ್ಪು ಗೆರೆಯನ್ನು ಕಣ್ಣು ತಾನೇ ಎಳೆದುಕೊಳ್ಳುತ್ತದೆ. ಅರ್ನ್ಸ್ಟ್ ಮಾಖ್ ಎಂಬ ವಿಜ್ಞಾನಿ 1865ರಲ್ಲೇ ಇದನ್ನು ವಿವರಿಸಿದ್ದರು. ಇದನ್ನು ಪರೀಕ್ಷೆ ಮಾಡಲು ಯಂತ್ರ ಬೇಡ, ಒಂದು ಕಪ್ಪು ಕಾಗದ ಸಾಕು. ಕಾಗದವನ್ನು ಪರದೆಗೆ ಹಿಡಿದು ಬೆಳ್ಳಗಿನ ಫಿಲ್ಲಿಂಗನ್ನು ಅಂಚಿನ ತನಕ ಮುಚ್ಚಬೇಕು. ಮುಚ್ಚಿದ ಕೂಡಲೇ ಗೆರೆ ಮಾಯವಾದರೆ ಅದು ಕಣ್ಣಿನ ಕೆಲಸ. ನಾನು ಮುಚ್ಚಿದಾಗ ತೆಳು ಗೆರೆ ಬಹುಪಾಲು ಹೋಯಿತು. ಆದರೆ ಮೂಲೆಯ ಎಳ್ಳುಕಾಳು ಉಳಿಯಿತು. ಅಂದರೆ ಅಲ್ಲಿ ನಿಜವಾಗಿಯೂ ಏನೋ ಇದೆ.

ಎರಡನೇ ಕಾರಣ ಬಾಂಡಿಂಗ್ ದ್ರವ. ಕಾಂಪೋಸಿಟ್ ಹಲ್ಲಿಗೆ ಅಂಟಲಿ ಅಂತ ಮೊದಲು ಒಂದು ಅಂಟು ಹಚ್ಚುತ್ತೇವೆ. ಅದು ಹೆಚ್ಚಿನಂಶ ಬರೀ ರಾಳ, ಬೇರಿಯಂ ಗೀರಿಯಂ ಹೆಚ್ಚು ಇರುವುದಿಲ್ಲ. ಗಾಳಿ ಊದಿ ತೆಳುವಾಗಿಸದೆ ಬಿಟ್ಟರೆ ಅದು ಇಳಿದು ಮೂಲೆಯಲ್ಲಿ ನಿಲ್ಲುತ್ತದೆ, ಬಟ್ಟಲ ತಳದಲ್ಲಿ ಎಣ್ಣೆ ನಿಂತ ಹಾಗೆ. ನೀಲಿ ಲೈಟ್ ಹಿಡಿದಾಗ ಅಲ್ಲೇ ಗಟ್ಟಿಯಾಗುತ್ತದೆ. ಎಕ್ಸ್‌ರೇಯಲ್ಲಿ ಅದು ಕಪ್ಪು ಚುಕ್ಕೆ. ಫಿಲ್ಲಿಂಗ್ ಅಡಿಗೆ ಹಾಕುವ ಹಳೆಯ ತರಹದ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಲೇಪವೂ ಹೀಗೇ ಕಪ್ಪಗೆ ಕಾಣುವುದಿದೆ. ಮೂರನೇ ಕಾರಣ ನಿಜವಾದ ಹುಳುಕು.

ಹುಳುಕೋ ಅಂಟೋ ಅಂತ ಬೇರ್ಪಡಿಸಲು ನಾನು ನೋಡಿದ್ದು ಇಷ್ಟು. ಫಿಲ್ಲಿಂಗ್ ಅಡಿ ಹೊಸದಾಗಿ ಹುಳುಕು ಶುರುವಾಗುವುದು ಸಾಮಾನ್ಯವಾಗಿ ಹೊರ ಅಂಚಿನಿಂದ, ಬಾಯಿಯ ನೀರು, ಬ್ಯಾಕ್ಟೀರಿಯಾ ನುಗ್ಗುವ ಸಂದಿನಿಂದ. ಇಲ್ಲಿ ಹೊರ ಅಂಚು ಚಿತ್ರದಲ್ಲೂ ಬಿಗಿ, ಮೊನೆಯ ಕಡ್ಡಿಯಲ್ಲಿ ಮೆಲ್ಲಗೆ ಸವರಿದಾಗಲೂ ಬಿಗಿ. ಚುಕ್ಕೆ ಇರುವುದು ಒಳಮೂಲೆಯಲ್ಲಿ, ಹೊರಗಿನ ಜೊತೆ ಸಂಪರ್ಕವೇ ಇಲ್ಲ. ಅದರ ಎರಡೂ ಬದಿ ಚೊಕ್ಕ. ಹಲ್ಲಿಗೆ ತಣ್ಣಗಿನದು ತಾಗಿದರೆ ಸಾಮಾನ್ಯ ಉತ್ತರ. ನೋವಿಲ್ಲ, ಸಿಹಿಗೆ ಜುಂ ಇಲ್ಲ.

ಮೂರು ವರ್ಷದ ಹಿಂದೆ ಈ ಫಿಲ್ಲಿಂಗ್ ಮಾಡಿದವರನ್ನು ಕೇಳಿದರೆ ಗೊತ್ತಾಗುತ್ತಿತ್ತು. ಅವರ ಕ್ಲಿನಿಕ್ ಮುಚ್ಚಿದೆ. ಚೀಟಿಯಲ್ಲಿ ಬರೆದದ್ದು ಹಲ್ಲಿನ ನಂಬರ್ ಮತ್ತು ದುಡ್ಡು ಮಾತ್ರ. ಯಾವ ಅಂಟು, ಯಾವ ಕಾಂಪೋಸಿಟ್, ಅಡಿಗೆ ಏನಾದರೂ ಹಾಕಿದ್ದರಾ, ಒಂದಕ್ಷರ ಇಲ್ಲ. ಇದು ನನಗೆ ನಿಜವಾಗಿ ಬೇಜಾರು ತರಿಸುವ ವಿಷಯ. ಒಂದು ಸಾಲು ಬರೆಯಲು ಅರ್ಧ ನಿಮಿಷ ಸಾಕು. ಆ ಸಾಲು ಇಲ್ಲದೆ ಹೋದರೆ ಮುಂದಿನ ಡಾಕ್ಟರ್ ಕಣ್ಣು ಕಟ್ಟಿಕೊಂಡು ಕೆಲಸ ಮಾಡಬೇಕು, ಗಟ್ಟಿ ಹಲ್ಲನ್ನು ಕೊರೆಯುವ ಸಾಧ್ಯತೆ ಅಲ್ಲೇ ಹುಟ್ಟುತ್ತದೆ. ಕೊರೆದ ಹಲ್ಲು ಮತ್ತೆ ಬೆಳೆಯುವುದಿಲ್ಲ.

ಅವರಿಗೆ ಹೀಗೆ ಹೇಳಿದೆ: ಇದು ಅಂಟು ಅಂತಲೇ ನನಗನ್ನಿಸುತ್ತದೆ, ಆದರೆ ಪಕ್ಕಾ ಹೇಳಲು ಕಾಲ ಬೇಕು. ಹುಳುಕಾದರೆ ದೊಡ್ಡದಾಗುತ್ತದೆ, ಅಂಟಾದರೆ ಇದ್ದ ಹಾಗೇ ಇರುತ್ತದೆ. ಆರು ತಿಂಗಳು ಬಿಟ್ಟು ಅದೇ ಕೋನದಲ್ಲಿ ಮತ್ತೊಂದು ಚಿತ್ರ ತೆಗೆಯೋಣ, ಆಮೇಲೆ ಒಂದು ವರ್ಷಕ್ಕೆ ಇನ್ನೊಂದು. ಮಧ್ಯದಲ್ಲಿ ನೋವು ಬಂದರೆ ಅದೇ ದಿನ ಬನ್ನಿ. ಇಷ್ಟು ಎಕ್ಸ್‌ರೇ ತೆಗೆದರೆ ಏನೂ ಆಗಲ್ವಾ ಅಂತ ಕೇಳಿದರು. ಸೆನ್ಸರ್ ಇಟ್ಟು ತೆಗೆಯುವ ಒಂದು ಹಲ್ಲಿನ ಚಿತ್ರದ ಕಿರಣ, ನಮಗೆ ಭೂಮಿಯಿಂದ, ಆಕಾಶದಿಂದ ಒಂದು ದಿನಕ್ಕೆ ಹೇಗೂ ತಾಗುವ ಕಿರಣದ ಆಸುಪಾಸು, ಬಹಳ ಸಲ ಅದಕ್ಕಿಂತ ಕಡಿಮೆ. ಹಾಗಂತ ಕಾರಣ ಇಲ್ಲದೆ ಒಂದನ್ನೂ ತೆಗೆಯಬಾರದು. ಇಲ್ಲಿ ಕಾರಣ ಇತ್ತು.

ಇನ್ನು ಬಲಗಡೆಯದು. ಎಲ್ಲರೂ ಚೆನ್ನಾಗಿದೆ ಅಂದ ಹಲ್ಲು.

ಹಳೆಯ ಚಿತ್ರದಲ್ಲಿ ಅಮಾಲ್ಗಮ್ ಹೊಳೆಯುತ್ತಿತ್ತು, ಸುತ್ತ ಎಲ್ಲ ನೆಟ್ಟಗೆ ಕಾಣುತ್ತಿತ್ತು. ಆದರೆ ಆ ಚಿತ್ರವನ್ನು ಓರೆಯಾಗಿ ತೆಗೆದಿದ್ದರು, ಬೇರಿನ ತುದಿ ಕಾಣಲಿ ಅಂತ. ಹಾಗೆ ತೆಗೆದಾಗ ಅಮಾಲ್ಗಮ್‌ನ ಬಿಳಿ ನೆರಳು ಜಾರಿ ತನ್ನದೇ ಅಂಚನ್ನು ಮುಚ್ಚಿಬಿಡಬಹುದು. ಅಂಚೇ ನಮಗೆ ಬೇಕಾದದ್ದು! ಅದಕ್ಕೆ ಬೈಟ್‌ವಿಂಗ್ ತೆಗೆದೆ. ಮೇಲಿನ ಕೆಳಗಿನ ಹಲ್ಲು ಕಚ್ಚಿ ಹಿಡಿದು, ಕಿರಣ ನೇರ ಅಡ್ಡಲಾಗಿ ಹಾಯುವ ಹಾಗೆ ತೆಗೆಯುವ ಚಿತ್ರ ಅದು. ಎಡಗಡೆಗೂ ಒಂದು ತೆಗೆದೆ, ಮುಂದೆ ಹೋಲಿಸಲು ಬೇಕಾಗುತ್ತದೆ ಅಂತ.

ಬಲಗಡೆ ಬೈಟ್‌ವಿಂಗ್‌ನಲ್ಲಿ ಸಿಕ್ಕಿತು. ಹಿಂದಿನ ಹಲ್ಲಿಗೆ ತಾಗುವ ಕಡೆ, ಅಮಾಲ್ಗಮ್‌ನ ಕೆಳ ಅಂಚಿನ ಅಡಿಯಲ್ಲಿ, ಒಸಡಿನ ಮಟ್ಟದಲ್ಲಿ ಒಂದು ಕಪ್ಪು. ಅಂಚು ಮಸುಕು, ಒಳಕ್ಕೆ ಹಬ್ಬಿದ ಕಪ್ಪು. ಹಲ್ಲಿನ ಕತ್ತಿನ ಹತ್ತಿರ ಎನಾಮೆಲ್ ಮುಗಿಯುವ ಕಡೆ ಸುಮ್ಮನೆ ಕಪ್ಪಗೆ ಕಾಣುವುದೂ ಉಂಟು, ಅದು ಹುಳುಕಲ್ಲ. ಆದರೆ ಅದು ಸಾಮಾನ್ಯವಾಗಿ ಬೆಣೆಯ ಆಕಾರದಲ್ಲಿದ್ದು ಕೋನ ಬದಲಿಸಿದರೆ ಕರಗುತ್ತದೆ. ಇದು ಹಾಗಿರಲಿಲ್ಲ. ದಾರ ಹಾಕಿ ಎಳೆದೆ, ಎಳೆ ಹರಿಯಿತು. ಅನ್ನ ಸಿಕ್ಕಿಕೊಳ್ಳುವುದು, ಸಿಹಿಗೆ ಜುಂ ಅನ್ನುವುದು, ದಾರ ಹರಿಯುವುದು, ಮಸುಕು ಕಪ್ಪು, ನಾಲ್ಕೂ ಒಂದೇ ಜಾಗಕ್ಕೆ ಬೆರಳು ತೋರಿಸುತ್ತಿದ್ದವು.

ಮುಂದಿನ ವಾರ ಅವರನ್ನು ಕರೆದು, ಹಲ್ಲಿಗೆ ಬಾಯಿಯ ನೀರು ತಾಗದ ಹಾಗೆ ರಬ್ಬರ್ ಹಾಳೆ (ರಬ್ಬರ್ ಡ್ಯಾಮ್) ಹಾಕಿ ಅಮಾಲ್ಗಮ್ ತೆಗೆದೆ. ಅಡಿಯಲ್ಲಿ ಎರಡು ತರಹದ ಡೆಂಟಿನ್ ಇತ್ತು. ಮಧ್ಯದಲ್ಲಿ ಬೂದುಗಪ್ಪು, ಆದರೆ ಗಟ್ಟಿ, ಚಮಚದಂಥ ಉಪಕರಣದಲ್ಲಿ ಕೆರೆದರೆ ಕರಕರ ಸದ್ದು ಬರುವಷ್ಟು ಗಟ್ಟಿ. ಹಿಂದಿನ ಅಂಚಿನಲ್ಲಿ ಕಂದು, ಒದ್ದೆ ಚರ್ಮದ ಹಾಗೆ ಮೆತ್ತಗೆ ಎದ್ದು ಬರುವ ಪದರ. ಇಲ್ಲೊಂದು ವಿಷಯ ಹೇಳಲೇಬೇಕು. ಅಮಾಲ್ಗಮ್‌ನಿಂದ ತವರ, ಸತು ನಿಧಾನವಾಗಿ ಜಿನುಗಿ, ಖನಿಜ ಕಳೆದುಕೊಂಡ ಡೆಂಟಿನ್ ಒಳಗೆ ಸೇರಿಕೊಳ್ಳುತ್ತವೆ. ಆಗ ಹುಳುಕು ತಾಗಿದ ಡೆಂಟಿನ್ನೇ ಎಕ್ಸ್‌ರೇಯಲ್ಲಿ ಬೆಳ್ಳಗಾಗಿಬಿಡುತ್ತದೆ. ಅಂದರೆ ಅಮಾಲ್ಗಮ್ ಅಡಿಯಲ್ಲಿ ಬಿಳಿ ಕಂಡಿತು ಅಂತ ನಿಶ್ಚಿಂತೆಯಿಂದ ಇರಲೂ ಆಗುವುದಿಲ್ಲ. ಜೊತೆಗೆ, ಹಲ್ಲಿನ ಖನಿಜ ಸುಮಾರು 30–40% ಕಳೆದುಹೋಗುವ ತನಕ ಎಕ್ಸ್‌ರೇ ಸುಳಿವೇ ಕೊಡದೆ ಇರಬಹುದು ಎಂದು ನಮ್ಮ ಪಠ್ಯಪುಸ್ತಕಗಳೇ ಹೇಳುತ್ತವೆ. ಈ ಹಲ್ಲಿನಲ್ಲೂ ಚಿತ್ರದಲ್ಲಿ ಕಂಡದ್ದಕ್ಕಿಂತ ಒಳಗೆ ಇದ್ದದ್ದು ಜಾಸ್ತಿ.

ಮೆತ್ತಗಿದ್ದದ್ದನ್ನು ತೆಗೆದೆ. ನರದ ಕಡೆ ಗಟ್ಟಿ ಡೆಂಟಿನ್ ಸಿಕ್ಕಿದ ಕೂಡಲೇ ನಿಲ್ಲಿಸಿದೆ, ಬಣ್ಣ ಕಪ್ಪಿದ್ದರೂ ಪರವಾಗಿಲ್ಲ ಅಂತ. ನರ ತೆರೆಯಲಿಲ್ಲ. ಅಡಿಗೆ ಗ್ಲಾಸ್ ಅಯಾನೋಮರ್ ಎಂಬ ಗಾಜಿನ ಪುಡಿಯ ಸಿಮೆಂಟ್ ಹಾಕಿದೆ. ಇದರಲ್ಲೂ ಎಲ್ಲವೂ ಎಕ್ಸ್‌ರೇಯಲ್ಲಿ ಒಂದೇ ತರಹ ಕಾಣುವುದಿಲ್ಲ. ಕ್ಯಾಲ್ಸಿಯಂ ಗಾಜಿನ ಪುಡಿಯಿಂದ ಮಾಡಿದ್ದು ಮಂಕಾಗಿರುತ್ತದೆ, ಸ್ಟ್ರಾನ್ಷಿಯಂ ಸೇರಿಸಿದ್ದು ಚೆನ್ನಾಗಿ ಕಾಣುತ್ತದೆ. ನಾನು ಎರಡನೆಯದನ್ನೇ ಹುಡುಕಿ ತರಿಸುತ್ತೇನೆ. ಅದರ ಮೇಲೆ ಬಾಂಡಿಂಗ್. ಇದನ್ನು ಹಚ್ಚಿದ ಮೇಲೆ ಗಾಳಿ ಊದುವಾಗ ಎಡಗಡೆಯ ಎಳ್ಳುಕಾಳು ನೆನಪಾಯಿತು, ಮೂಲೆಯಲ್ಲಿ ನಿಂತಿದ್ದನ್ನು ಸಣ್ಣ ಒಣ ಬ್ರಶ್‌ನಲ್ಲಿ ಹೀರಿ ತೆಗೆದು ಮತ್ತೆ ಊದಿದೆ. ಆಮೇಲೆ ಪದರ ಪದರವಾಗಿ ಕಾಂಪೋಸಿಟ್. ರೂಟ್ ಕೆನಾಲ್ ಬೇಕಾಗಲಿಲ್ಲ, ಕ್ಯಾಪೂ ಬೇಕಾಗಲಿಲ್ಲ.

ಕೆಲಸ ಮುಗಿದ ಮೇಲೆ ತೆಗೆದ ಚಿತ್ರದಲ್ಲಿ ಮೂರು ಬಣ್ಣ ಬೇರೆ ಬೇರೆಯಾಗಿ ಕಂಡವು. ಮೇಲೆ ಕಾಂಪೋಸಿಟ್ ಎನಾಮೆಲ್‌ಗಿಂತ ಒಂದು ಗುಂಜಿ ಬೆಳ್ಳಗೆ, ಅದರ ಅಡಿ ಗ್ಲಾಸ್ ಅಯಾನೋಮರ್ ಸ್ವಲ್ಪ ಬೂದಾಗಿ, ಕೆಳಗೆ ಡೆಂಟಿನ್. ಹಳೆಯ ಅಮಾಲ್ಗಮ್ ಚಿತ್ರದ ಪಕ್ಕ ಇಟ್ಟು ನೋಡಿದರೆ ಇದು ಅಷ್ಟು ಹೊಳೆಯುವುದಿಲ್ಲ. ಹೊಳೆಯದಿದ್ದರೇ ಒಳ್ಳೆಯದು, ಅಂಚಿನಲ್ಲಿ ನಾಳೆ ಏನಾದರೂ ಆದರೆ ಕಾಣುತ್ತದೆ.

ಆ ದಿನ ಅವರಿಗೆ ಒಂದು ಕಾರ್ಡ್ ಬರೆದುಕೊಟ್ಟೆ. ಮುಂದಿನ ಹಲ್ಲು: ಹಳೆಯ ಕಾಂಪೋಸಿಟ್, ಎಕ್ಸ್‌ರೇಯಲ್ಲಿ ಕಪ್ಪಗೆ ಕಾಣುತ್ತದೆ, ಹುಳುಕಲ್ಲ, ನರ ಜೀವಂತ. ಎಡ ದವಡೆ: ಒಳಮೂಲೆಯಲ್ಲಿ ಕಪ್ಪು ಚುಕ್ಕೆ, ಅಂಟು ಇರಬಹುದು, ಗಮನಿಸುತ್ತಿದ್ದೇವೆ. ಬಲ ದವಡೆ: ಹಾಕಿದ ಎರಡೂ ವಸ್ತುಗಳ ಹೆಸರು, ಬ್ಯಾಚ್ ನಂಬರ್, ತಾರೀಖು. ಮೂರು ಚಿತ್ರಗಳ ಮೂಲ ಫೈಲನ್ನು ಅವರ ಮಗನ ಇಮೇಲ್‌ಗೆ ಕಳಿಸಿದೆ. ಮೊದಲು ನೋಡಿದ ಆ ಚಿಕ್ಕ ವಯಸ್ಸಿನ ಡಾಕ್ಟರಿಗೂ ಹೊಸ ಬೈಟ್‌ವಿಂಗ್ ಕಳಿಸಿ ಫೋನ್ ಮಾಡಿದೆ. ಅವರು ಮುಂದಿನ ಹಲ್ಲಿನ ಬಗ್ಗೆಯೇ ಜಾಸ್ತಿ ಕೇಳಿದರು. ಕಲಸಿ ಹಾಕುವ ಕಾಂಪೋಸಿಟ್ ಅವರು ಕಾಲೇಜಿನಲ್ಲಿ ನೋಡೇ ಇರಲಿಲ್ಲವಂತೆ. ಅದು ಸಹಜ. ಅವರು ಕಲಿಯುವ ಹೊತ್ತಿಗೆ ಎಲ್ಲ ಕಡೆ ನೀಲಿ ಲೈಟ್ ಬಂದಿತ್ತು. ಆದರೆ ಅವರ ಕುರ್ಚಿಯಲ್ಲಿ ಬಂದು ಕೂರುವವರ ಬಾಯಲ್ಲಿ 1991 ಇನ್ನೂ ಇದೆ.

ಡಿಸೆಂಬರ್‌ನಲ್ಲಿ ಎಡಗಡೆಯ ಎರಡನೇ ಬೈಟ್‌ವಿಂಗ್ ತೆಗೆದೆವು. ಮೂರನೆಯದು ಈ ಜುಲೈನಲ್ಲಿ. ಮೂರನ್ನೂ ಪರದೆಯಲ್ಲಿ ಸಾಲಾಗಿ ಇಟ್ಟು, ಸಾಫ್ಟ್‌ವೇರಿನ ಅಳತೆ ಗೆರೆ ಎಳೆದು ನೋಡಿದೆ. ಎಳ್ಳುಕಾಳು ಮೊದಲು ಇದ್ದಷ್ಟೇ ಇತ್ತು, ಅದೇ ಜಾಗ, ಅದೇ ಚೊಕ್ಕ ಅಂಚು. ಕಾರ್ಡಿನಲ್ಲಿ 'ಅಂಟು ಇರಬಹುದು' ಅಂತ ಬರೆದಿದ್ದರ ಮುಂದೆ ತಾರೀಖು ಹಾಕಿ 'ಒಂದು ವರ್ಷ, ಬದಲಾವಣೆ ಇಲ್ಲ' ಅಂತ ಸೇರಿಸಿದೆ. ಅವರು ಕಾರ್ಡನ್ನು ಮಡಚದೆ ಪ್ಲಾಸ್ಟಿಕ್ ಕವರಿಗೆ ಹಾಕಿಕೊಂಡು, ಮುಂದಿನ ಸಲ ಯಜಮಾನರನ್ನೂ ಕರೆದುಕೊಂಡು ಬರುತ್ತೇನೆ, ಅವರ ಬಾಯಲ್ಲಿ ಆರು ಫಿಲ್ಲಿಂಗ್ ಇದೆ, ಒಂದಕ್ಕೂ ಚೀಟಿ ಇಲ್ಲ ಅಂದರು.